ಕತ್ತರಿ ಪ್ರಯೋಗ ಬೇಳೆ ಡಬ್ಬಕ್ಕೆ ಬೇಡ

ತಿಂಗಳ ಮೊದಲ ವಾರ ಬಂತೆಂದರೆ ಮನೆಮನೆಯಲ್ಲೂ ದಿನಸಿ ಚೀಟಿ ಬರೆಯುವ ಕೆಲಸ. ಮನೆ ಬಾಡಿಗೆ, ಶಾಲೆಯ ಫೀಸು, ಗ್ಯಾಸ್, ಬಸ್ಸಿನ ಖರ್ಚು ಇವುಗಳಲ್ಲಿ ಯಾವುದನ್ನೂ ನಮ್ಮಿಷ್ಟದಂತೆ ಕಡಿಮೆ ಮಾಡುವಂತಿಲ್ಲ. ಹೀಗಾಗಿ ಬೆಲೆ ಏರಿದಾಗಲೆಲ್ಲ ಕತ್ತರಿ ಬೀಳುವುದು ಅಡುಗೆಮನೆಯ ಖರ್ಚಿಗೇ. ತೊಗರಿಬೇಳೆ 3 ಕಿಲೋ ಇದ್ದದ್ದು 2 ಆಗುತ್ತದೆ. ದಿನವೂ ತರುತ್ತಿದ್ದ ಸೊಪ್ಪು ದಿನ ಬಿಟ್ಟು ದಿನವಾಗುತ್ತದೆ. ಹಾಲಿಗೆ ಇನ್ನೊಂದು ಲೋಟ ನೀರು ಸೇರುತ್ತದೆ. ಹಣ್ಣಂತೂ ಹಬ್ಬಕ್ಕೆ, ಇಲ್ಲವೇ ಯಾರಾದರೂ ಹಾಸಿಗೆ ಹಿಡಿದಾಗ. ಆದರೆ ಅದೇ ಚೀಟಿಯ ಕೊನೆಯಲ್ಲಿರುವ ಬಿಸ್ಕತ್ತು, ನೂಡಲ್ಸ್, ಚಿಪ್ಸ್, ಮಕ್ಕಳ 'ಶಕ್ತಿವರ್ಧಕ' ಪುಡಿಯ ಡಬ್ಬ ಇವು ಮಾತ್ರ ಹಾಗೆಯೇ ಉಳಿದುಕೊಳ್ಳುತ್ತವೆ. ನಿಮ್ಮ ಮನೆಯ ಹಳೆಯ ಚೀಟಿಗಳಿದ್ದರೆ ಒಮ್ಮೆ ತೆಗೆದು ನೋಡಿ.

ಇದು ಬರೀ ಊಹೆಯ ಮಾತಲ್ಲ. ಕೇಂದ್ರ ಸರ್ಕಾರವು 2022–23ರಲ್ಲಿ ನಡೆಸಿದ ಗೃಹ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ, ನಗರವಾಸಿಗಳ ಮನೆಯಲ್ಲಿ ಖರ್ಚಾಗುವ ಪ್ರತಿ 100 ರೂಪಾಯಿಯಲ್ಲಿ ಸುಮಾರು 39 ರೂಪಾಯಿ ಆಹಾರಕ್ಕೆ ಹೋಗುತ್ತದೆ. ಅದರಲ್ಲಿ ಅಕ್ಕಿ, ಗೋಧಿ, ರಾಗಿಯಂಥ ಧಾನ್ಯಗಳಿಗೆ ಹೋಗುವುದು 4 ರೂಪಾಯಿಗೂ ಕಡಿಮೆ. ಪಾನೀಯ, ಹೋಟೆಲಿನ ತಿಂಡಿ ಮತ್ತು ಸಿದ್ಧಪಡಿಸಿದ ಆಹಾರಗಳಿಗೆ ಹೋಗುವುದು 10 ರೂಪಾಯಿಗೂ ಹೆಚ್ಚು. ಆಹಾರದ ಖರ್ಚಿನಲ್ಲಿ ಅತಿ ದೊಡ್ಡ ಪಾಲು ಇದೇ. ಹಳ್ಳಿಗಳಲ್ಲೂ ಚಿತ್ರ ಹೆಚ್ಚು ಬೇರೆಯೇನಿಲ್ಲ. ಇನ್ನೊಂದು ಕಡೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದೊಳಗಿನ ಪ್ರತಿ 100 ಮಹಿಳೆಯರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂತು. ರಕ್ತಹೀನತೆಗೆ ಕಾರಣಗಳು ಹಲವು. ಆದರೆ ತಟ್ಟೆಯಲ್ಲಿ ಬೇಳೆ, ಕಾಳು, ಸೊಪ್ಪು ಕಡಿಮೆಯಾಗಿರುವುದು ಅವುಗಳಲ್ಲಿ ಮುಖ್ಯವಾದದ್ದು.

ಹಾಗಾದರೆ ಖರ್ಚು ಕಡಿಮೆ ಮಾಡುವುದೇ ತಪ್ಪೇ? ಖಂಡಿತ ಅಲ್ಲ. ಕತ್ತರಿ ಎಲ್ಲಿ ಹಾಕಬೇಕೆಂಬುದಷ್ಟೇ ಪ್ರಶ್ನೆ.

ಚೀಟಿಯಲ್ಲಿ ಎಷ್ಟಿರಬೇಕು?

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಭಾರತೀಯರಿಗಾಗಿ ಹೊಸ ಆಹಾರ ಮಾರ್ಗಸೂಚಿಯನ್ನು ಪ್ರಕಟಿಸಿತು. ದಿನಕ್ಕೆ 2000 ಕ್ಯಾಲೊರಿ ಬೇಕಾಗುವ ವಯಸ್ಕರೊಬ್ಬರಿಗೆ ಅದು ಹೇಳುವ ಪ್ರಮಾಣ ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ ಮತ್ತು ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್, ಕಡಲೆಕಾಯಿಯಂಥ ಎಣ್ಣೆಕಾಳು 35 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ. ಮೊಟ್ಟೆ, ಮೀನು, ಮಾಂಸ ತಿನ್ನುವವರು ಬೇಳೆಯ ಒಂದು ಪಾಲನ್ನು ಆ ರೂಪದಲ್ಲಿ ತೆಗೆದುಕೊಳ್ಳಬಹುದು.

ಇದನ್ನು ನಾಲ್ವರು ವಯಸ್ಕರ ಮನೆಯ ತಿಂಗಳ ಲೆಕ್ಕಕ್ಕೆ ತಿರುಗಿಸಿ ನೋಡೋಣ. ಅಕ್ಕಿ, ರಾಗಿ, ಗೋಧಿ, ಜೋಳ ಎಲ್ಲ ಸೇರಿ 30 ಕಿಲೋ. ಬೇಳೆಕಾಳು ಸುಮಾರು 10 ಕಿಲೋ. ಎಣ್ಣೆ 3 ಕಿಲೋಗಿಂತ ತುಸು ಹೆಚ್ಚು. ತರಕಾರಿ ವಾರಕ್ಕೆ 11 ಕಿಲೋ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಇದಕ್ಕಿಂತ ಕಡಿಮೆ ಸಾಕು, ಹೊಲದಲ್ಲೋ ಕಾರ್ಖಾನೆಯಲ್ಲೋ ಮೈಮುರಿದು ದುಡಿಯುವವರಿದ್ದರೆ ಹೆಚ್ಚು ಬೇಕು. ಇನ್ನು ನಿಮ್ಮ ಚೀಟಿಯ ಪಕ್ಕದಲ್ಲಿ ಈ ಅಂಕಿಗಳನ್ನಿಟ್ಟು ನೋಡಿ. ನಮ್ಮ ಬಹುತೇಕ ಮನೆಗಳಲ್ಲಿ ಅಕ್ಕಿ ಮತ್ತು ಎಣ್ಣೆ ಇದಕ್ಕಿಂತ ಜಾಸ್ತಿಯೇ ಇರುತ್ತವೆ, ಬೇಳೆಕಾಳು ಇದರ ಅರ್ಧವೂ ಇರುವುದಿಲ್ಲ. ತೆಳ್ಳನೆಯ ತಿಳಿಸಾರಿನಲ್ಲಿ ಎರಡು ತಟ್ಟೆ ಅನ್ನ ಉಂಡರೆ ಹೊಟ್ಟೆಯೇನೋ ತುಂಬುತ್ತದೆ, ಆದರೆ ಮೈಗೆ ಬೇಕಾದ್ದು ಸಿಗುವುದಿಲ್ಲ.

ಎಣ್ಣೆಯಲ್ಲಿ ಉಳಿತಾಯಕ್ಕೆ ನಿಜವಾಗಿಯೂ ಅವಕಾಶವಿದೆ. ತಿಂಗಳಿಗೆ 5 ಲೀಟರ್ ಎಣ್ಣೆ ಖರ್ಚಾಗುತ್ತಿದ್ದ ಮನೆ ಅದನ್ನು 3ಕ್ಕೆ ಇಳಿಸಿದರೆ, ಉಳಿದ ದುಡ್ಡಿನಲ್ಲಿ ಎಷ್ಟು ಹೆಸರುಕಾಳು ಬರುತ್ತದೆಂದು ನಿಮ್ಮ ಅಂಗಡಿಯ ದರದಲ್ಲೇ ಲೆಕ್ಕ ಹಾಕಿ. ರಕ್ತದೊತ್ತಡ, ಬೊಜ್ಜು ಇರುವವರಿಗೆ ಅದು ಔಷಧದ ಖರ್ಚನ್ನೂ ತಗ್ಗಿಸಬಹುದು. ಒಗ್ಗರಣೆಗೆ ಡಬ್ಬದಿಂದ ನೇರವಾಗಿ ಸುರಿಯುವ ಬದಲು ಚಮಚದಲ್ಲಿ ಅಳೆದು ಹಾಕುವುದು, ತಿಂಗಳ ಎಣ್ಣೆಯನ್ನು ವಾರಕ್ಕಿಷ್ಟೆಂದು ಬೇರೆ ಬಾಟಲಿಗೆ ತೆಗೆದಿಡುವುದು, ಇಷ್ಟೇ ಉಪಾಯ.

ಕಿಲೋ ಬೆಲೆ ಬೇರೆ, ಪೋಷಣೆಯ ಬೆಲೆ ಬೇರೆ

'ಬೇಳೆ ದುಬಾರಿ' ಎಂಬ ಮಾತನ್ನು ಎಲ್ಲ ಕಡೆಯೂ ಕೇಳುತ್ತೇವೆ. ಯಾವುದಕ್ಕೆ ಹೋಲಿಸಿ ದುಬಾರಿ? ಒಂದು ಕಿಲೋ ತೊಗರಿಬೇಳೆಯಲ್ಲಿ ಸುಮಾರು 220 ಗ್ರಾಂ ಪ್ರೋಟೀನ್ ಇರುತ್ತದೆ. ಹುರುಳಿ, ಹೆಸರುಕಾಳು, ಅಲಸಂದೆ ಇವುಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಕಡಲೆಕಾಯಿ ಬೀಜದಲ್ಲಿ ಇನ್ನೂ ಸ್ವಲ್ಪ ಜಾಸ್ತಿ. 30 ಮೊಟ್ಟೆಗಳ ಒಂದು ಟ್ರೇಯಲ್ಲಿ ಸುಮಾರು 180 ಗ್ರಾಂ. ಒಂದು ಲೀಟರ್ ಹಾಲಿನಲ್ಲಿ 32 ಗ್ರಾಂ. ಒಂದು ಕಿಲೋ ಮಾಮೂಲಿ ಬಿಸ್ಕತ್ತಿನಲ್ಲಿ 70 ಗ್ರಾಂ ಇದ್ದರೆ ಹೆಚ್ಚು. 55 ಕಿಲೋ ತೂಕದ ಮಹಿಳೆಗೆ ದಿನಕ್ಕೆ ಬೇಕಾಗುವ ಪ್ರೋಟೀನ್ ಸುಮಾರು 46 ಗ್ರಾಂ.

ಈಗ ನಿಮ್ಮ ಅಂಗಡಿಯ ಇವತ್ತಿನ ಬೆಲೆಯನ್ನು ಈ ಅಂಕಿಯಿಂದ ಭಾಗಿಸಿ. ಒಂದು ಗ್ರಾಂ ಪ್ರೋಟೀನಿಗೆ ಎಷ್ಟು ಪೈಸೆ ಬೀಳುತ್ತದೆಂಬುದು ಗೊತ್ತಾಗುತ್ತದೆ. ಶಾಲೆಗೆ ಹೋಗುವ ಮಕ್ಕಳಿಗೆ ಈ ಲೆಕ್ಕ ಕೊಡಿ, ಖುಷಿಯಿಂದ ಮಾಡುತ್ತಾರೆ. ತೊಗರಿಬೇಳೆಗೆ ಬೆಲೆ ಬಂದಾಗ ಹುರುಳಿ, ಅಲಸಂದೆ, ಹೆಸರುಕಾಳುಗಳತ್ತ ತಿರುಗಬಹುದು. ಪೋಷಣೆಯಲ್ಲಿ ಇವು ತೊಗರಿಗೆ ಏನೂ ಕಡಿಮೆಯಲ್ಲ. ಹುರುಳಿಯನ್ನು ಎತ್ತಿಗೆ, ಕುದುರೆಗೆ ಹಾಕುವ ಕಾಳೆಂದು ಪೇಟೆಯವರು ದೂರವಿಟ್ಟಿದ್ದಾರೆ. ಹುರುಳಿಕಟ್ಟಿನ ಸಾರಿನ ರುಚಿ ಬಲ್ಲವರು ಹಾಗೆ ಮಾಡಲಾರರು.

ಬಾದಾಮಿ ತಿಂದರೇ ಬುದ್ಧಿ ಚುರುಕಾಗುವುದೆಂಬ ನಂಬಿಕೆಯೂ ಬಹಳ ಮನೆಗಳಲ್ಲಿದೆ. ಬಾದಾಮಿ ಒಳ್ಳೆಯದೇ. ಆದರೆ ಅದನ್ನು ಕೊಳ್ಳಲಾಗದೆಂದು ಯಾವ ತಾಯಿಯೂ ಕೊರಗಬೇಕಾಗಿಲ್ಲ. ಪ್ರೋಟೀನಿನ ವಿಷಯದಲ್ಲಿ ಕಡಲೆಕಾಯಿ ಬಾದಾಮಿಗೆ ಸಮ, ಬೆಲೆಯಲ್ಲಿ ಎಷ್ಟೋ ಪಾಲು ಕಡಿಮೆ. ಕೊಳ್ಳುವಾಗ ಮುರುಟಿದ, ಬೂಷ್ಟು ಹಿಡಿದ, ಕಹಿಯಾದ ಬೀಜಗಳನ್ನು ಮಾತ್ರ ಆರಿಸಿ ಎಸೆದುಬಿಡಿ. ಅಂಥ ಬೂಷ್ಟಿನಲ್ಲಿ ಯಕೃತ್ತಿಗೆ ಹಾನಿ ಮಾಡುವ ಅಫ್ಲಟಾಕ್ಸಿನ್ ಎಂಬ ವಿಷವಿರುತ್ತದೆ, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಹಣ್ಣಿನದೂ ಇದೇ ಕಥೆ. ರೋಗಿಯನ್ನು ನೋಡಲು ಹೋಗುವಾಗ ಸೇಬು ಒಯ್ಯುವುದು ಮರ್ಯಾದೆ ಎಂಬಂತಾಗಿದೆ. 100 ಗ್ರಾಂ ಸೇಬಿನಲ್ಲಿ ಸಿ ಜೀವಸತ್ವ 5 ಮಿಲಿಗ್ರಾಂ ಕೂಡ ಇರುವುದಿಲ್ಲ. ಅಷ್ಟೇ ತೂಕದ ಸೀಬೆಹಣ್ಣಿನಲ್ಲಿ 200 ಮಿಲಿಗ್ರಾಂ ಇರುತ್ತದೆ. ನೆಲ್ಲಿಕಾಯಿಯೂ ಅದಕ್ಕೆ ಕಡಿಮೆಯಿಲ್ಲ. ಪರಂಗಿ, ಬಾಳೆ, ಸೀಬೆ ಇವು ಬಡವರ ಹಣ್ಣುಗಳಲ್ಲ, ನಮ್ಮೂರಿನ ಹಣ್ಣುಗಳು.

ಮೊಟ್ಟೆಯ ಚಿಪ್ಪು ಕಂದಾದರೇನು, ಬಿಳಿಯಾದರೇನು, ಒಳಗಿನ ಪೋಷಕಾಂಶ ಒಂದೇ. ಕರಾವಳಿಯವರಿಗೆ ಒಂದು ಮಾತು: ಅಂಜಲ್ ಮೀನಿಗೆ ಕೊಡುವ ದುಡ್ಡಿನಲ್ಲಿ ಎಷ್ಟೋ ದಿನ ಬೂತಾಯಿ, ಬಂಗುಡೆ ತಿನ್ನಬಹುದು. ಹೃದಯಕ್ಕೆ ಒಳ್ಳೆಯದೆನ್ನುವ ಒಮೆಗಾ-3 ಕೊಬ್ಬು ಈ ಎರಡು ಮೀನುಗಳಲ್ಲಿ ಹೇರಳ. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೆಲೆ ಏರುತ್ತದೆ. ಆಗ ಮೊಟ್ಟೆ, ಕಾಳುಗಳತ್ತ ವಾಲುವುದು ಜಾಣತನ.

ಹಾಲಿನ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಟೋನ್ಡ್ ಹಾಲಿನಲ್ಲಿ, ಅಂದರೆ ನಂದಿನಿಯ ನೀಲಿ ಪ್ಯಾಕೆಟ್ಟಿನಂಥದ್ದರಲ್ಲಿ, ಕೊಬ್ಬು ಶೇಕಡ 3 ಇದ್ದರೆ ಪೂರ್ಣ ಕೆನೆಯ ಹಾಲಿನಲ್ಲಿ ಶೇಕಡ 6 ಇರುತ್ತದೆ. ಪ್ರೋಟೀನ್, ಕ್ಯಾಲ್ಸಿಯಂ ಎರಡರಲ್ಲೂ ಹೆಚ್ಚುಕಡಿಮೆ ಸಮನಾಗಿರುತ್ತವೆ. ಆದ್ದರಿಂದ ದೊಡ್ಡವರಿಗೆ ಟೋನ್ಡ್ ಹಾಲೇ ಸಾಕು, ದುಡ್ಡೂ ಉಳಿಯುತ್ತದೆ. 1ರಿಂದ 2 ವರ್ಷದ ಮಕ್ಕಳಿಗೆ ಮಾತ್ರ ಕೆನೆ ಇರುವ ಹಾಲು ಕೊಡಿ. ಉಳಿತಾಯಕ್ಕೆಂದು ಮಕ್ಕಳ ಹಾಲಿಗೆ ನೀರು ಬೆರೆಸುವುದು ಬೇಡ.

ಡಬ್ಬದ ಪುಡಿ, ಬೆಳಗಿನ ಗಂಜಿ

ಮಕ್ಕಳ ಹಾಲಿಗೆ ಬೆರೆಸುವ ಪುಡಿಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ದಿನಸಿ ಚೀಟಿಯಲ್ಲಿ ಅಳತೆಗೆ ಚಿಕ್ಕದಾಗಿ ಬೆಲೆಗೆ ದೊಡ್ಡದಾದ ಪದಾರ್ಥ ಅದು. ಡಬ್ಬದ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿರುವ ಪಟ್ಟಿಯನ್ನು ಕನ್ನಡಕ ಹಾಕಿಕೊಂಡಾದರೂ ಓದಿ. ಹಲವು ಪುಡಿಗಳಲ್ಲಿ ತೂಕದ ಮೂರನೇ ಒಂದು ಭಾಗದಷ್ಟು ಸಕ್ಕರೆಯೇ ಇರುತ್ತದೆ. ನಮ್ಮ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ 'ಆರೋಗ್ಯ ಪೇಯ' ಎಂಬುದಕ್ಕೆ ವ್ಯಾಖ್ಯೆಯೇ ಇಲ್ಲ. ಈ ಕಾರಣದಿಂದ 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು, ಇಂಥ ಪೇಯಗಳನ್ನು ಆ ಹೆಸರಿನ ವಿಭಾಗದಿಂದ ತೆಗೆದುಹಾಕಬೇಕೆಂದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಸೂಚಿಸಿತು.

ಇದಕ್ಕೆ ಬದಲಿ ನಮ್ಮ ಮನೆಯಲ್ಲೇ ಇದೆ. ರಾಗಿಯನ್ನು ತೊಳೆದು ರಾತ್ರಿಯಿಡೀ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಒಂದೆರಡು ದಿನದಲ್ಲಿ ಮೊಳಕೆ ಬರುತ್ತದೆ. ನೆರಳಿನಲ್ಲಿ ಒಣಗಿಸಿ, ಘಮ ಬರುವಷ್ಟು ಹುರಿದು, ಬೀಸಿಸಿ ಜರಡಿ ಹಿಡಿದರೆ ರಾಗಿ ಮಾಲ್ಟ್ ಸಿದ್ಧ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಕ್ಕಿಯಲ್ಲಿ ಇರುವುದು 10 ಮಿಲಿಗ್ರಾಂ ಮಾತ್ರ. ರಾಗಿಯಲ್ಲಿರುವ ಫೈಟೇಟ್ ಎಂಬ ವಸ್ತು ಈ ಕ್ಯಾಲ್ಸಿಯಂ ಮತ್ತು ಕಬ್ಬಿಣಾಂಶವನ್ನು ಮೈಗೆ ಹತ್ತದಂತೆ ತಡೆಯುತ್ತದೆ. ಮೊಳಕೆ ಕಟ್ಟಿದಾಗ ಆ ತಡೆ ಸಡಿಲವಾಗುತ್ತದೆ. ನಮ್ಮ ಅಜ್ಜಿಯರು ಫೈಟೇಟ್ ಹೆಸರು ಕೇಳಿರಲಿಲ್ಲ, ಮೊಳಕೆ ಕಟ್ಟುವುದನ್ನಂತೂ ಬಿಟ್ಟಿರಲಿಲ್ಲ. ಬೆಲ್ಲ ಹಾಕುವುದಿದ್ದರೆ ಸ್ವಲ್ಪವೇ ಹಾಕಿ. ಬೆಲ್ಲವೂ ಸಕ್ಕರೆಯ ಅಣ್ಣತಮ್ಮನೇ. 6 ತಿಂಗಳು ತುಂಬದ ಕೂಸಿಗೆ ಇದಾವುದೂ ಬೇಡ, ತಾಯಿಯ ಹಾಲೊಂದೇ ಸಾಕು.

ಬಿಸ್ಕತ್ತು, ಚಿಪ್ಸ್‌ಗಳನ್ನು ಪೂರ್ತಿ ನಿಲ್ಲಿಸಿಬಿಡಿ ಎಂದರೆ ಮಕ್ಕಳಿರುವ ಮನೆಯಲ್ಲಿ ಅದು ನಡೆಯುವ ಮಾತಲ್ಲ. ಆದರೆ ಕೊಳ್ಳುವಾಗ ಪೊಟ್ಟಣದ ಮೇಲೆ ಎರಡು ಅಂಕಿ ನೋಡಿ. 10 ರೂಪಾಯಿಯ ಪೊಟ್ಟಣದಲ್ಲಿ 25 ಗ್ರಾಂ ಇದ್ದರೆ ಅದರ ಬೆಲೆ ಕಿಲೋಗೆ 400 ರೂಪಾಯಿ ಎಂದಾಯಿತು. ಒಳಗಿರುವುದು ಆಲೂಗಡ್ಡೆ, ಎಣ್ಣೆ, ಉಪ್ಪು. ಈ ಲೆಕ್ಕ ಸುಲಭವಾಗಲೆಂದೇ ಪೊಟ್ಟಣ ಸಾಮಗ್ರಿಗಳ ನಿಯಮಕ್ಕೆ 2021ರಲ್ಲಿ ತಿದ್ದುಪಡಿ ತರಲಾಯಿತು. ಗರಿಷ್ಠ ಮಾರಾಟ ಬೆಲೆಯ ಜೊತೆಗೆ ಒಂದು ಗ್ರಾಂಗೆ ಅಥವಾ ಒಂದು ಕಿಲೋಗೆ ಎಷ್ಟೆಂಬುದನ್ನೂ ಮುದ್ರಿಸಬೇಕು. ದೊಡ್ಡ ಪೊಟ್ಟಣವೇ ಯಾವಾಗಲೂ ಅಗ್ಗವೆಂಬ ಭ್ರಮೆ ಇದರಿಂದ ಕಳೆಯುತ್ತದೆ. ಎಣ್ಣೆ ಕೊಳ್ಳುವಾಗಲೂ ತೂಕ ನೋಡಿ. ಒಂದು ಲೀಟರ್ ಎಂದರೆ ಸುಮಾರು 910 ಗ್ರಾಂ ಇರಬೇಕು. ನೋಡಲು ಅದೇ ಗಾತ್ರವಿದ್ದು ಒಳಗೆ ಕಡಿಮೆ ಇರುವ ಪ್ಯಾಕೆಟ್ಟುಗಳೂ ಬರುತ್ತವೆ. 'ಒಂದು ಕೊಂಡರೆ ಇನ್ನೊಂದು ಉಚಿತ' ಎಂದಲ್ಲಿ ತಯಾರಾದ ದಿನ, ಬಳಸಬೇಕಾದ ಅವಧಿ ಎರಡನ್ನೂ ಓದಿ.

ಬಸ್ಸಾರಿನ ಜಾಣತನ

ಕಡಿಮೆ ಖರ್ಚಿನಲ್ಲಿ ಪುಷ್ಟಿಯಾದ ಊಟವೆಂದರೆ ಹೊಸದೇನನ್ನೋ ಕಲಿಯಬೇಕಾಗಿಲ್ಲ. ಮೈಸೂರು, ಮಂಡ್ಯ, ಬೆಂಗಳೂರು ಸೀಮೆಯ ಬಸ್ಸಾರನ್ನೇ ನೋಡಿ. ಕಾಳು ಮತ್ತು ಸೊಪ್ಪನ್ನು ಒಟ್ಟಿಗೆ ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿದರೆ ಸಾರು, ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಒಲೆ, ಒಂದೇ ಬೇಯಿಸುವಿಕೆ, ಎರಡು ಪದಾರ್ಥ. ಬೇಯುವಾಗ ನೀರಿಗಿಳಿದ ಜೀವಸತ್ವ, ಖನಿಜಗಳು ಬಚ್ಚಲಿಗೆ ಹೋಗದೆ ಸಾರಿನಲ್ಲೇ ಉಳಿಯುತ್ತವೆ. ಜೊತೆಗೆ ರಾಗಿಮುದ್ದೆ ಇದ್ದರೆ ಧಾನ್ಯದಲ್ಲಿ ಕೊರತೆಯಿರುವ ಪ್ರೋಟೀನ್ ಅಂಶವನ್ನು ಕಾಳು ತುಂಬಿಕೊಡುತ್ತದೆ, ಕಾಳಿನ ಕೊರತೆಯನ್ನು ಧಾನ್ಯ ತುಂಬಿಕೊಡುತ್ತದೆ. ಒಂದು ಹೋಳು ನಿಂಬೆಹಣ್ಣು ಹಿಂಡಿದರೆ ಸೊಪ್ಪು-ಕಾಳಿನ ಕಬ್ಬಿಣಾಂಶ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಚಟ್ನಿ, ಪುಂಡಿ ಪಲ್ಯ ಇದೇ ಲೆಕ್ಕಾಚಾರದ ಇನ್ನೊಂದು ರೂಪ.

ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯಬೇಡಿ, ತೊಳೆದು ಹೆಚ್ಚಿ. ಕಾಳುಗಳನ್ನು ಹಿಂದಿನ ರಾತ್ರಿ ನೆನೆಸಿಟ್ಟರೆ ಬೇಗ ಬೇಯುತ್ತವೆ, ಗ್ಯಾಸ್ ಉಳಿಯುತ್ತದೆ. ಹಿತ್ತಲಿದ್ದವರು ಒಂದು ನುಗ್ಗೆ ಕೊಂಬೆ ನೆಟ್ಟುಕೊಳ್ಳಿ. ಕಾಯಿಗೆ ದುಡ್ಡು ಕೊಟ್ಟು ಸೊಪ್ಪನ್ನು ದನಕ್ಕೆ ಹಾಕುವ ನಮ್ಮ ಪದ್ಧತಿ ತಲೆಕೆಳಗಾದದ್ದು, ಕ್ಯಾಲ್ಸಿಯಂ, ಕಬ್ಬಿಣ ಹೆಚ್ಚಿರುವುದು ಸೊಪ್ಪಿನಲ್ಲೇ.

ತರಕಾರಿಯನ್ನು ಅದರದರ ಕಾಲದಲ್ಲಿ ಕೊಳ್ಳುವುದು ಹಳೆಯ ಮಾತಾದರೂ ಇಂದಿಗೂ ನಿಜ. 2023ರ ಜುಲೈಯಲ್ಲಿ ಟೊಮೆಟೊ ಬೆಲೆ ಕಿಲೋಗೆ 100 ರೂಪಾಯಿ ದಾಟಿದಾಗ ಊರೆಲ್ಲ ಅದೇ ಮಾತು. ಟೊಮೆಟೊ ಇಲ್ಲದಿದ್ದರೆ ಸಾರೇ ಇಲ್ಲವೇ? ಹುಣಸೆಹಣ್ಣಿದೆ, ಮಾವಿನಕಾಯಿಯಿದೆ, ಮಲೆನಾಡಿನಲ್ಲಿ ವಾಟೆಹುಳಿ, ಕರಾವಳಿಯಲ್ಲಿ ಪುನರ್ಪುಳಿ ಇದೆ. ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ ಗುಡ್ಡೆಗುಡ್ಡೆಯಾಗಿ ಬಂದಾಗ ಹೂಕೋಸಿಗೆ ದುಡ್ಡು ಹಾಕುವುದೇಕೆ? ಸಂಜೆ ಸಂತೆ ಮುಗಿಯುವ ಹೊತ್ತಿಗೆ ಹೋದರೆ ಬೆಲೆ ಇಳಿದಿರುತ್ತದೆ. ಕುಂಬಳ, ಗೆಡ್ಡೆಗೆಣಸು, ಬೀಟ್‌ರೂಟ್‌ಗಳಿಗೆ ಅದು ಸರಿ. ಆದರೆ ದಿನವಿಡೀ ಬಿಸಿಲಿನಲ್ಲಿ ಬಾಡಿದ ಸೊಪ್ಪಿನಲ್ಲಿ ಸಿ ಜೀವಸತ್ವ ಬಹಳಷ್ಟು ಹೋಗಿರುತ್ತದೆ, ಕೊಳೆತದ್ದನ್ನು ಆರಿಸಿ ಎಸೆದರೆ ಉಳಿಯುವುದೂ ಅಷ್ಟಕ್ಕಷ್ಟೇ.

ಇಲ್ಲಿ ಮಾತ್ರ ಉಳಿಸಬೇಡಿ

ಕೆಲವು ಉಳಿತಾಯಗಳು ಕೊನೆಗೆ ಆಸ್ಪತ್ರೆಯ ಬಿಲ್ಲಾಗಿ ಬರುತ್ತವೆ. ಅಗ್ಗವೆಂದು ಗುರುತು-ಗೊತ್ತಿಲ್ಲದ ಕಡೆ ಬಿಡಿ ಎಣ್ಣೆ ಕೊಳ್ಳುವುದು ಮೊದಲನೆಯದು. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅರ್ಜಿಮೋನ್ ಎಂಬ ಕಳೆಗಿಡದ ಬೀಜದ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಮಂದಿ ಕಾಲು ಬಾವು ಬಂದು ಆಸ್ಪತ್ರೆ ಸೇರಿದರು. ಕರಿದ ಎಣ್ಣೆಯನ್ನು ಮತ್ತೆಮತ್ತೆ ಕಾಯಿಸುವುದು ಎರಡನೆಯದು. ಪದೇಪದೇ ಕಾದ ಎಣ್ಣೆಯಲ್ಲಿ ಹಾನಿಕರ ವಸ್ತುಗಳು ಹುಟ್ಟುತ್ತವೆ. ಹೋಟೆಲುಗಳಿಗೆ ಇದಕ್ಕೆ 2018ರಿಂದ ಕಾನೂನಿನ ಮಿತಿಯೇ ಇದೆ. ಮನೆಯಲ್ಲಿ ಕಡಿಮೆ ಎಣ್ಣೆಯಲ್ಲಿ ಕರಿದು, ಮಿಕ್ಕದ್ದನ್ನು ಸೋಸಿಟ್ಟು, ಒಂದೆರಡು ದಿನದಲ್ಲೇ ಒಗ್ಗರಣೆಗೆ ಬಳಸಿ ಮುಗಿಸಿ. ಮತ್ತೆ ಕರಿಯಲು ಇಡಬೇಡಿ.

ಅಯೋಡಿನ್ ಇಲ್ಲದ ಬಿಡಿ ಉಪ್ಪು ತಂದು ನಾಲ್ಕಾರು ರೂಪಾಯಿ ಉಳಿಸುವುದೂ ಬೇಡ. ಉಪ್ಪಿನ ಖರ್ಚೇ ಎಷ್ಟು? ತಲೆಗೆ ದಿನಕ್ಕೆ 5 ಗ್ರಾಂ ಎಂಬ ಮಿತಿ ಪಾಲಿಸಿದರೆ ನಾಲ್ವರಿಗೆ ತಿಂಗಳಿಗೆ 600 ಗ್ರಾಂ ಸಾಕು. ಬಣ್ಣ ಕಣ್ಣಿಗೆ ಹೊಡೆಯುವಂತಿರುವ ಅರಿಶಿನ ಪುಡಿ, ಖಾರದ ಪುಡಿಗಳ ಬದಲು ಕೊಂಬು ಅರಿಶಿನ, ಒಣಮೆಣಸಿನಕಾಯಿ ತಂದು ಬೀಸಿಸಿಕೊಳ್ಳಿ. ಕಲಬೆರಕೆಯ ಭಯವೂ ಕಡಿಮೆ. ಬೇಳೆಯನ್ನು ಸುಗ್ಗಿಯಲ್ಲಿ ಒಟ್ಟಿಗೆ ಕೊಳ್ಳುವವರು ಬಿಸಿಲಿಗೆ ಹಾಕಿ, ಸ್ವಲ್ಪ ಹರಳೆಣ್ಣೆ ಸವರಿಡುವ ಹಳೆಯ ಕ್ರಮವನ್ನು ಬಿಡಬೇಡಿ. ಹುಳು ಹಿಡಿದು ಎಸೆದರೆ ಅಗ್ಗಕ್ಕೆ ಕೊಂಡದ್ದಕ್ಕೆ ಅರ್ಥವೇನು?

ಮೂತ್ರಪಿಂಡದ ತೊಂದರೆ ಇರುವವರು ಬೇಳೆಕಾಳು ಹೆಚ್ಚಿಸುವ ಮುನ್ನ ತಮ್ಮ ವೈದ್ಯರನ್ನು ಕೇಳಬೇಕು. ಸಕ್ಕರೆ ಕಾಯಿಲೆಯವರಿಗೆ ರಾಗಿ ಒಳ್ಳೆಯದೆಂದರೆ ಎಷ್ಟು ಬೇಕಾದರೂ ಉಣ್ಣಬಹುದೆಂದಲ್ಲ, ಅದಕ್ಕೂ ಅಳತೆಯುಂಟು.

ಯಾರ ತಟ್ಟೆಗೆ ಕತ್ತರಿ?

ಇಷ್ಟೆಲ್ಲ ಹೇಳಿದ ಮೇಲೂ ಒಂದು ವಿಷಯ ಉಳಿಯುತ್ತದೆ. ಮನೆಯಲ್ಲಿ ಪದಾರ್ಥ ಕಡಿಮೆಯಾದಾಗ ಅದು ಎಲ್ಲರಿಗೂ ಸಮನಾಗಿ ಕಡಿಮೆಯಾಗುವುದಿಲ್ಲ. ಗಂಡ ದುಡಿದು ಬಂದಿದ್ದಾನೆ, ಮಕ್ಕಳು ಬೆಳೆಯುವವರು, ಅತ್ತೆ-ಮಾವ ವಯಸ್ಸಾದವರು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಗೃಹಿಣಿಗೆ ಉಳಿಯುವುದು ಅನ್ನ, ಸಾರಿನ ತಿಳಿ, ಉಪ್ಪಿನಕಾಯಿ. ಪಲ್ಯದ ಪಾತ್ರೆ ಖಾಲಿ. ಆಮೇಲೆ ಒಂದು ಲೋಟ ಕಾಫಿ. ಸುಸ್ತು, ತಲೆಸುತ್ತು, ಮೆಟ್ಟಿಲು ಹತ್ತಿದರೆ ಏದುಸಿರು ಎಂದು ವೈದ್ಯರ ಬಳಿ ಬರುವ ಎಷ್ಟೋ ಮಹಿಳೆಯರ ದಿನಚರಿ ಇದು. ಅದನ್ನು ಅವರು ಕಾಯಿಲೆಯೆಂದು ತಿಳಿದಿರುವುದೂ ಇಲ್ಲ, ಕೆಲಸ ಜಾಸ್ತಿ ಎಂದುಕೊಂಡಿರುತ್ತಾರೆ.

ಪಲ್ಯ, ಕಾಳು, ಮೊಟ್ಟೆ ಏನೇ ಮಾಡಿದರೂ ಬಡಿಸುವ ಮುನ್ನವೇ ಅಡುಗೆ ಮಾಡಿದವರ ಪಾಲನ್ನು ಒಂದು ಬಟ್ಟಲಿಗೆ ತೆಗೆದಿಡಿ. ಆಗದಿದ್ದರೆ ಎಲ್ಲರೂ ಒಟ್ಟಿಗೆ ಕೂತು ಉಣ್ಣಿ. ಇದನ್ನು ಗಂಡಸರು ಓದುತ್ತಿದ್ದರೆ ಆ ಬಟ್ಟಲು ತೆಗೆದಿಡುವ ಕೆಲಸ ಅವರದೇ ಆಗಲಿ. ಊಟದ ಜೊತೆಗೆ, ಊಟವಾದ ಕೂಡಲೇ ಕಾಫಿ-ಚಹಾ ಬೇಡ, ಅದು ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಒಂದು ಗಂಟೆ ತಡೆದು ಕುಡಿಯಿರಿ. ಮೇಲೆ ಹೇಳಿದ ಲಕ್ಷಣಗಳಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಮಹಿಳೆಯರಿಗೆ ಅದು 12 ಗ್ರಾಂಗಿಂತ ಕಡಿಮೆ ಇದ್ದರೆ, ಗರ್ಭಿಣಿಯರಿಗೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ ಎಂದರ್ಥ. ಆಗ ಬರೀ ಸೊಪ್ಪಿನಿಂದ ಬೇಗ ಸರಿಹೋಗುವುದಿಲ್ಲ, ಅಲ್ಲೇ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ತಿಂಗಳು ತಪ್ಪದೆ ತೆಗೆದುಕೊಳ್ಳಬೇಕು. ಮಲ ಕಪ್ಪಾಗುವುದು ಆ ಮಾತ್ರೆಯಿಂದ, ಅದಕ್ಕೆ ಹೆದರಿ ನಿಲ್ಲಿಸಬೇಡಿ.